ದಿನಕ್ಕೊಂದು ನೆಲ್ಲಿ ಸಿಹಿ: ಲೆಕ್ಕ ತಪ್ಪದಿರಲು 17 ಸೂತ್ರಗಳು

ಸಕ್ಕರೆ ಪಾಕದಲ್ಲಿಟ್ಟ ನೆಲ್ಲಿಕಾಯಿ ಮುರಬ್ಬ ತಿಂದರೆ ಶಕ್ತಿ ಬರುತ್ತದೆ ಎಂದು ನಂಬಿ ನಾಲ್ಕು ತಿಂಗಳು ದಿನಕ್ಕೆ ನಾಲ್ಕರಂತೆ ತಿಂದವನು ನಾನು. ಎದ್ದ ಕೂಡಲೇ ಎರಡು, ಆಫೀಸಿನಿಂದ ಬಂದ ಸುಸ್ತಿಗೆ ಒಂದು, ರಾತ್ರಿ ಊಟವಾದ ಮೇಲೆ ಬಾಯಿ ರುಚಿಗೆ ಮತ್ತೊಂದು. ನಡುನಡುವೆ ಜಾಡಿಯ ಅಂಚಿಗೆ ಅಂಟಿದ ಪಾಕವನ್ನು ಬೆರಳಲ್ಲಿ ಬಳಿದು ನೆಕ್ಕಿದ್ದಕ್ಕೆ ಲೆಕ್ಕವಿಲ್ಲ. ವರ್ಷಕ್ಕೊಮ್ಮೆ ಮಾಡಿಸುವ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ 5.9 ಬಂತು. ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು.

“ಸಿಹಿ ಜಾಸ್ತಿ ತಿಂತೀರಾ?” ಎಂದರು ವೈದ್ಯರು.

“ಇಲ್ಲ ಸಾರ್. ಬರೀ ನೆಲ್ಲಿಕಾಯಿ.”

“ಯಾವ ನೆಲ್ಲಿಕಾಯಿ? ಮರದ್ದೋ, ಜಾಡಿದೋ?”

ಅಂದಿನಿಂದ ಜಾಡಿಯ ಲೆಕ್ಕ ಇಡಲು ಕಲಿತೆ. ಆ ಲೆಕ್ಕವೇ ಇಲ್ಲಿದೆ.

1. ಉತ್ತರ ಮೊದಲು, ವಿವರಣೆ ಆಮೇಲೆ

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಮಧ್ಯಮ ಗಾತ್ರದ, ಪಾಕ ಸೋರಿಸಿದ ಒಂದು ಮುರಬ್ಬ. ಅಥವಾ ಒಂದು ಜೇನುನೆಲ್ಲಿ. ಅಥವಾ ಸುಮಾರು 20 ಗ್ರಾಂ ನೆಲ್ಲಿ ಕ್ಯಾಂಡಿ, ಎಂದರೆ ಸಣ್ಣ ಹೋಳು ನಾಲ್ಕೈದು. ಅಥವಾ ಡಬ್ಬಿಯ ಮೇಲೆ ಹೇಳಿದಷ್ಟು, ಸಾಮಾನ್ಯವಾಗಿ ಒಂದರಿಂದ ಎರಡು ಚಮಚ ಚ್ಯವನಪ್ರಾಶ.

ಎಲ್ಲ ಕಡೆಯೂ “ಅಥವಾ” ಎಂದಿದ್ದೇನೆ, “ಮತ್ತು” ಎಂದಿಲ್ಲ. ಬೆಳಿಗ್ಗೆ ಚ್ಯವನಪ್ರಾಶ, ಮಧ್ಯಾಹ್ನ ಮುರಬ್ಬ, ಸಂಜೆ ಟಿವಿ ಮುಂದೆ ಕ್ಯಾಂಡಿ ಪೊಟ್ಟಣ ಎನ್ನುವವರು ಮೂರು ಬೇರೆ ಬೇರೆ ಔಷಧಿ ತೆಗೆದುಕೊಳ್ಳುತ್ತಿಲ್ಲ, ಒಂದೇ ಸಿಹಿಯನ್ನು ಮೂರು ಸಲ ತಿನ್ನುತ್ತಿದ್ದಾರೆ. ಶಂಕರಾಚಾರ್ಯರು ಭಿಕ್ಷೆಗೆ ಬಂದಾಗ ಆ ಬಡ ಹೆಂಗಸು ಕೊಟ್ಟದ್ದೂ ಒಂದೇ ನೆಲ್ಲಿಕಾಯಿ ಎನ್ನುತ್ತದೆ ಕನಕಧಾರಾ ಸ್ತೋತ್ರದ ಹಿಂದಿನ ಕತೆ. ಚಿನ್ನದ ಮಳೆ ಬರಲು ಅಷ್ಟು ಸಾಕಾಯಿತು.

2. ಒಮ್ಮೆಯಾದರೂ ತೂಕ ಮಾಡಿ

ವೈದ್ಯರ ಬಳಿಯಿಂದ ಬಂದ ಸಂಜೆ ಮಾಡಿದ ಮೊದಲ ಕೆಲಸ ಇದು. ಕೇಕಿಗೆಂದು ಮಗಳು ತಂದಿದ್ದ ಅಡುಗೆಮನೆ ತಕ್ಕಡಿಯ ಮೇಲೆ ಸಣ್ಣ ಸ್ಟೀಲ್ ತಟ್ಟೆಯಿಟ್ಟು ಸೊನ್ನೆ ಮಾಡಿದೆ. ಒಂದು ಮುರಬ್ಬವನ್ನು ಫೋರ್ಕಿನಲ್ಲಿ ಎತ್ತಿ, ಪಾಕ ತೊಟ್ಟಿಕ್ಕುವುದು ನಿಲ್ಲುವ ತನಕ ಜಾಡಿಯ ಮೇಲೇ ಹಿಡಿದಿದ್ದು ತಟ್ಟೆಗಿಟ್ಟೆ. 34 ಗ್ರಾಂ. ತಿಂದು ಮುಗಿಸಿ ಬೀಜ ತೂಗಿದರೆ 3 ಗ್ರಾಂ. ಹೊಟ್ಟೆಗೆ ಹೋದದ್ದು 31 ಗ್ರಾಂ.

ನಮ್ಮ ಆಹಾರ ಸುರಕ್ಷತಾ ನಿಯಮದಂತೆ ಮುರಬ್ಬದಲ್ಲಿ ಕರಗಿದ ಘನಾಂಶ ಸುಮಾರು ಮೂರನೇ ಎರಡು ಪಾಲಾದರೂ ಇರಬೇಕು. ಅದರಲ್ಲಿ ಬಹುಪಾಲು ಸಕ್ಕರೆಯೇ. 31 ಗ್ರಾಂನ ಮೂರನೇ ಎರಡು ಪಾಲು ಎಂದರೆ 20 ಗ್ರಾಂಗಿಂತ ಒಂದು ಗುಲಗಂಜಿ ಹೆಚ್ಚು, ನಾಲ್ಕು ಟೀ ಚಮಚ. ನಾನು ದಿನಕ್ಕೆ ತಿನ್ನುತ್ತಿದ್ದ ನಾಲ್ಕು ಕಾಯಿಯ ಲೆಕ್ಕ ಹಾಕಿದರೆ ಹದಿನಾರು ಚಮಚ. ಕಾಫಿಗೆ ಸಕ್ಕರೆ ಬೇಡ ಎಂದು ಮನೆಯವಳ ಮುಂದೆ ದೊಡ್ಡಸ್ತಿಕೆ ತೋರಿಸುತ್ತಿದ್ದವನು ನಾನೇ.

3. ದಿನದ ಸಕ್ಕರೆಯ ಮಿತಿ ಗೊತ್ತಿರಲಿ

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆ ಇದು: ಹಾಕಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಶಕ್ತಿಯ ಶೇ 10 ಮೀರಬಾರದು, ಶೇ 5ರೊಳಗಿದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಮೊದಲನೆಯದು 50 ಗ್ರಾಂ, ಎರಡನೆಯದು 25. ಒಂದು ಮುರಬ್ಬ ತಿಂದರೆ 25ರಲ್ಲಿ 20 ಅಲ್ಲಿಗೇ ಖರ್ಚು. ಉಳಿದದ್ದು ಒಂದು ಚಮಚ, ಒಂದು ಕಾಫಿಗೆ ಸಾಕು.

ಮದುವೆ ಊಟ, ಹೋಳಿಗೆ, ಮೈಸೂರು ಪಾಕಿನ ದಿನ ಜಾಡಿಗೆ ರಜೆ.

4. “ಒಂದು ಕಾಯಿ” ಎಂದರೆ ಯಾವ ಗಾತ್ರದ್ದು?

ಉತ್ತರ ಪ್ರದೇಶದ ಪ್ರತಾಪಗಢದಂಥ ಕಡೆ ತೋಟದಲ್ಲಿ ಬೆಳೆಯುವ ಎನ್‌ಎ-7, ಚಕೈಯಾ ಮುಂತಾದ ತಳಿಗಳ ಕಾಯಿ ನಿಂಬೆಹಣ್ಣಿನಷ್ಟು ದಪ್ಪ. ಒಂದೊಂದು 40 ಗ್ರಾಂ ದಾಟುವುದೂ ಉಂಟು. ಅಂಗಡಿಯ ಮುರಬ್ಬಕ್ಕೆ ಹೋಗುವುದು ಹೆಚ್ಚಾಗಿ ಅದೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ಆಯ್ದು ತರುವ ನೆಲ್ಲಿ, ಅಲ್ಲಿ ಎರಡು ಜಾತಿಯದಿದೆ, ಗೋಲಿಗಿಂತ ತುಸು ದೊಡ್ಡದು. ಮಲೆನಾಡಿನ ಬ್ಯಾಣದಲ್ಲಿ ಸಿಗುವುದೂ ಹಾಗೆಯೇ. ಹಾಗಾಗಿ ಕಾಡುನೆಲ್ಲಿಯ ಮುರಬ್ಬವಾದರೆ ಎರಡು ತಿನ್ನಿ, ಅನುಮಾನವಿದ್ದರೆ ಎರಡನೇ ಸೂತ್ರದ ತಕ್ಕಡಿ ತೆಗೆಯಿರಿ.

ರಾಜನೆಲ್ಲಿ ಬೇರೆ ಗಿಡ. ಏಣುಏಣಾಗಿ, ತೆಳು ಹಳದಿ ಬಣ್ಣದಲ್ಲಿ ಗೊಂಚಲು ಬಿಡುತ್ತದಲ್ಲ, ಅದು. ನೆಲನೆಲ್ಲಿ ಅಂಗಳದ ಕಳೆ. ಇಲ್ಲಿ ಹೇಳಿದ ಅಳತೆ ಬೆಟ್ಟದ ನೆಲ್ಲಿಗೆ ಮಾತ್ರ.

5. ಸಕ್ಕರೆ ಅಲ್ಲಿರುವುದು ರುಚಿಗಲ್ಲ, ಕಾವಲಿಗೆ

ಇದೊಂದು ಅರ್ಥವಾದರೆ ಉಳಿದ ಸೂತ್ರಗಳೆಲ್ಲ ತಾವೇ ಅರ್ಥವಾಗುತ್ತವೆ.

ತೀರ್ಥಹಳ್ಳಿ ಕಡೆಯ ನನ್ನ ಸೋದರತ್ತೆ ಪ್ರತಿ ವರ್ಷ ಉತ್ಥಾನ ದ್ವಾದಶಿ ಕಳೆದ ಮೇಲೆ ಮುರಬ್ಬಕ್ಕೆ ಕೂರುತ್ತಾರೆ. ತುಳಸಿ ಕಟ್ಟೆಗೆ ನೆಲ್ಲಿ ಕೊಂಬೆ ಸಿಕ್ಕಿಸಿ ಪೂಜೆಯಾಗುವ ತನಕ ಅವರು ಹೊಸ ನೆಲ್ಲಿ ಮುಟ್ಟುವುದಿಲ್ಲ. ಕಾಯಿ ತೊಳೆದು ಒರೆಸಿ, ಗೋಣಿ ಹೊಲಿಯುವ ದಬ್ಬಳದಿಂದ ಸುತ್ತಲೂ ಬೀಜ ತಾಗುವ ತನಕ ಚುಚ್ಚುತ್ತಾರೆ. ಒಂದು ಕಾಯಿಗೆ ಇಪ್ಪತ್ತು ಮೂವತ್ತು ತೂತು. ರಾತ್ರಿಯಿಡೀ ಸುಣ್ಣದ ತಿಳಿಯಲ್ಲಿ ಮುಳುಗಿಸಿಡುವುದು ಬೇಯುವಾಗ ಕಾಯಿ ಒಡೆದು ಮುದ್ದೆಯಾಗಬಾರದೆಂದು, ಸುಣ್ಣದಿಂದ ಮಾಂಸ ಗಟ್ಟಿಯಾಗುತ್ತದೆ. ಮರುದಿನ ನಾಲ್ಕೈದು ನೀರಿನಲ್ಲಿ ತೊಳೆದು, ಕುದಿವ ನೀರಿಗೆ ಹಾಕಿ, ಹೋಳಿನ ಗೆರೆ ಇನ್ನೇನು ಬಿಡಬೇಕು ಎನ್ನುವಾಗ ತೆಗೆದುಬಿಡುತ್ತಾರೆ. ಆಮೇಲೆ ಒಂದು ಪದರ ಕಾಯಿ, ಒಂದು ಪದರ ಸಕ್ಕರೆ. ಕಾಯಿಗೆ ಸಮತೂಕ ಸಕ್ಕರೆ, ಕೈ ಒಂದಿಷ್ಟು ಮುಂದೆ ಹೋದರೆ ಅದರ ಕಾಲು ಪಾಲು ಹೆಚ್ಚು.

ರಾತ್ರಿ ಕಳೆಯುವಷ್ಟರಲ್ಲಿ ಕಾಯಿಯ ನೀರನ್ನೆಲ್ಲ ಸಕ್ಕರೆ ಎಳೆದುಕೊಂಡಿರುತ್ತದೆ. ಆ ನೀರನ್ನಷ್ಟೇ ಬಸಿದು ಕುದಿಸಿ, ಗಟ್ಟಿ ಮಾಡಿ, ಮತ್ತೆ ಕಾಯಿಯ ಮೇಲೆ. ಹೀಗೆ ಮೂರು ನಾಲ್ಕು ದಿನ. ಒಂದೇ ಸಲಕ್ಕೆ ಗಟ್ಟಿ ಪಾಕಕ್ಕೆ ಹಾಕಿದರೆ ಸಕ್ಕರೆ ಒಳಗೆ ಹೋಗುವ ಮೊದಲೇ ನೀರು ಹೊರಗೆ ಬಂದು ಕಾಯಿ ಒಣದ್ರಾಕ್ಷಿಯ ಹಾಗೆ ಸುಕ್ಕಾಗುತ್ತದೆ.

ಕೊನೆಯ ದಿನದ ಪಾಕದಲ್ಲಿ ಸಕ್ಕರೆ ಎಷ್ಟಿರುತ್ತದೆ ಎಂದರೆ ಬೂಷ್ಟಿಗೂ ಹುಳಿಬರಿಸುವ ಸೂಕ್ಷ್ಮಜೀವಿಗೂ ಕುಡಿಯಲು ನೀರೇ ಉಳಿದಿರುವುದಿಲ್ಲ. ಫ್ರಿಜ್ಜಿಲ್ಲದ ಕಾಲದಲ್ಲಿ ಮುರಬ್ಬ ವರ್ಷವಿಡೀ ಬಾಳಿದ್ದು ಹೀಗೆ. ಸಕ್ಕರೆ ತೆಗೆದರೆ ಕಾವಲುಗಾರನೂ ಹೋದ. ರಿಪೋರ್ಟ್ ಬಂದ ವಾರ ಅತ್ತೆಗೆ ಫೋನ್ ಮಾಡಿ, “ಈ ಸಲ ಸಕ್ಕರೆ ಅರ್ಧ ಹಾಕಿ ಅತ್ತೆ” ಎಂದೆ.

“ಹಾಕ್ತೀನಿ ಮಾರಾಯ, ಶಿವರಾತ್ರಿ ಹೊತ್ತಿಗೆ ಬೂಷ್ಟು ಬಂದ್ರೆ ನನ್ನನ್ನ ಕೇಳ್ಬೇಡ. ಸಕ್ಕರೆ ಕಮ್ಮಿ ಮಾಡೋ ಬದ್ಲು ತಿನ್ನೋದನ್ನೇ ಕಮ್ಮಿ ಮಾಡ್ಬಾರ್ದಾ?”

ನಾನು ವಾದ ಮುಂದುವರಿಸಲಿಲ್ಲ. ಕಡಿಮೆ ಸಕ್ಕರೆಯದೇ ಬೇಕೆನ್ನುವವರು ಹಬೆಯಲ್ಲಿ ಬೇಯಿಸಿದ ಹೋಳಿಗೆ ಒಂದಿಷ್ಟು ಬೆಲ್ಲ, ಏಲಕ್ಕಿ ಹಾಕಿ ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಬೇಕು. ಅದು ಮುರಬ್ಬವಲ್ಲ, ಪಲ್ಯದ ಅಕ್ಕ.

6. ಪಾಕ ಜಾಡಿಯಲ್ಲೇ ಇರಲಿ

ಒಂದು ದೊಡ್ಡ ಚಮಚ ಪಾಕದಲ್ಲಿ ಸುಮಾರು 14 ಗ್ರಾಂ ಸಕ್ಕರೆ. ದೋಸೆಗೆ ಸವರಬೇಡಿ, ನೀರಿಗೆ ಕಲಸಿ ಶರಬತ್ತು ಮಾಡಬೇಡಿ, ಬೆರಳು ಅದ್ದಬೇಡಿ. ಕಾಯಿ ಮುಗಿದ ಮೇಲೆ ಉಳಿದ ಪಾಕವನ್ನು ಏನು ಮಾಡುವುದು ಎಂದು ಕೇಳುವವರು ಹಬ್ಬದ ದಿನ ಪಾಯಸಕ್ಕೆ ಸಕ್ಕರೆಯ ಬದಲು ಹಾಕಿಕೊಳ್ಳಲಿ. ಬದಲು, ಜೊತೆಗಲ್ಲ.

7. “ಶಕ್ತಿ” ಎಂಬ ಮಾತನ್ನು ಬಿಡಿಸಿ ನೋಡಿ

ಮುರಬ್ಬ ತಿಂದ ಹತ್ತು ನಿಮಿಷಕ್ಕೆ ಉತ್ಸಾಹ ಬರುವುದು ಸುಳ್ಳಲ್ಲ. 20 ಗ್ರಾಂ ಸಕ್ಕರೆ ಎಂದರೆ 80 ಕ್ಯಾಲೊರಿ, ಅದೂ ಬೇಗ ರಕ್ತಕ್ಕೆ ಸೇರುವಂಥದ್ದು. ಅಷ್ಟೇ ಸಕ್ಕರೆ ಹಾಕಿದ ನಿಂಬೆ ಪಾನಕ ಕುಡಿದರೂ ಅದೇ ಉತ್ಸಾಹ. ಒಂದೆರಡು ಗಂಟೆಗೆ ಇಳಿದಾಗ ಮತ್ತೆ ಜಾಡಿ ನೆನಪಾಗುತ್ತದೆ. ನನ್ನ ನಾಲ್ಕು ಕಾಯಿಯ ಗುಟ್ಟು ಇದೇ.

ದಿನವೂ ಸುಸ್ತು ಎನಿಸುತ್ತಿದ್ದರೆ ಜಾಡಿಗೆ ಕೈ ಹಾಕುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಅಂಥವರಿಗೆ “ಶಕ್ತಿಗೆ ಮುರಬ್ಬ ತಿನ್ನಮ್ಮ” ಎಂದು ಹೇಳಿ ಕೈ ತೊಳೆದುಕೊಳ್ಳುವುದು ಅನ್ಯಾಯ.

8. ವಿಟಮಿನ್ ಸಿ ಬೇಕಾದರೆ ಮರದ ಕಾಯಿ ತಿನ್ನಿ

ನೆಲ್ಲಿಯ ಹೆಸರು ದೊಡ್ಡದಾದದ್ದು ವಿಟಮಿನ್ ಸಿಯಿಂದ. 1939–40ರ ಹಿಸ್ಸಾರ್ ಬರಗಾಲದಲ್ಲಿ ವಸಡು ಊದಿ ರಕ್ತ ಸೋರುವ ಸ್ಕರ್ವಿ ಕಾಣಿಸಿಕೊಂಡಾಗ ಔಷಧಿಯಾಗಿ ಹಂಚಿದ್ದು ನೆಲ್ಲಿಯನ್ನೇ. ಹಳೆಯ ಆಹಾರ ಕೋಷ್ಟಕಗಳಲ್ಲಿ 100 ಗ್ರಾಂಗೆ 600 ಮಿಲಿಗ್ರಾಂ ಎಂದಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕ ಸುಮಾರು 250 ಎನ್ನುತ್ತದೆ. ತಳಿ, ಮಣ್ಣು, ಬಲಿತ ಹದ, ಅಳೆಯುವ ವಿಧಾನ ಬದಲಾದಂತೆ ಅಂಕಿಯೂ ಬದಲಾಗುತ್ತದೆ.

ಕಡಿಮೆ ಅಂಕಿಯನ್ನೇ ಹಿಡಿಯೋಣ. ಬೀಜ ಕಳೆದು 35 ಗ್ರಾಂ ಉಳಿಯುವ ಒಂದು ಹಸಿ ಕಾಯಿಯಲ್ಲಿ 85 ಮಿಲಿಗ್ರಾಂಗೂ ಹೆಚ್ಚು. ಐಸಿಎಂಆರ್ 2020ರಲ್ಲಿ ಹೇಳಿದ ದಿನದ ಅಗತ್ಯ ಗಂಡಸರಿಗೆ 80, ಹೆಂಗಸರಿಗೆ 65. ಒಂದೇ ಕಾಯಿಗೆ ದಿನದ ಲೆಕ್ಕ ಚುಕ್ತಾ. ಎರಡು ತಿಂದರೆ ತೊಂದರೆಯಿಲ್ಲ, ಹತ್ತು ತಿಂದರೆ ಹೆಚ್ಚಿನದು ಮೂತ್ರದಲ್ಲಿ ಹೋಗುತ್ತದೆ.

ಇನ್ನು ಜಾಡಿಯದು. ವಿಟಮಿನ್ ಸಿ ನೀರಿನಲ್ಲಿ ಕರಗುತ್ತದೆ, ಕಾವಿಗೆ ಕೆಡುತ್ತದೆ. ದಬ್ಬಳದಲ್ಲಿ ಚುಚ್ಚಿ, ರಾತ್ರಿಯಿಡೀ ನೆನೆಸಿ, ತೊಳೆದು, ಬೇಯಿಸಿ, ಬೆಂದ ನೀರು ಚೆಲ್ಲಿ, ತಿಂಗಳುಗಟ್ಟಲೆ ಇಟ್ಟ ಮೇಲೆ ಉಳಿಯುವುದು ಒಂದು ಪಾಲು ಮಾತ್ರ. ನೆರಳಲ್ಲಿ ಒಣಗಿಸಿದ ನೆಲ್ಲಿಚೆಟ್ಟು ಈ ವಿಷಯದಲ್ಲಿ ವಾಸಿ, ಸಕ್ಕರೆಯೂ ಇಲ್ಲ. ನೆಲ್ಲಿ ಸಿಗದ ಕಾಲದಲ್ಲಿ ಸೀಬೆಹಣ್ಣು ತಿನ್ನಿ. ಅದರಲ್ಲೂ ವಿಟಮಿನ್ ಸಿ ಧಾರಾಳ, ಬೆಲೆಯೂ ಕಡಿಮೆ, ಆದರೆ ಅದಕ್ಕೆ ಪುರಾಣವಿಲ್ಲ, ಪಾಪ.

9. ಊಟದ ಜೊತೆಗೆ ತಿನ್ನಿ

ನಮ್ಮ ಊಟದ ಕಬ್ಬಿಣಾಂಶ ಬರುವುದು ಬಹುಪಾಲು ರಾಗಿ, ಕಾಳು, ಸೊಪ್ಪಿನಿಂದ. ದೇಹ ಅದನ್ನು ಸುಲಭಕ್ಕೆ ಹೀರಿಕೊಳ್ಳುವುದಿಲ್ಲ. ಹುಳಿ, ವಿಟಮಿನ್ ಸಿ ಇದ್ದರೆ ಹೀರಿಕೊಳ್ಳುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಧಾನ್ಯ, ಬೇಳೆಕಾಳಿನ ಜೊತೆ ನೆಲ್ಲಿ ಸೇರಿಸಿ ಪರೀಕ್ಷಿಸಿ, ಕಬ್ಬಿಣಾಂಶ ದಕ್ಕುವ ಪ್ರಮಾಣ ಹೆಚ್ಚುವುದನ್ನು 2001ರಲ್ಲಿ ಪ್ರಕಟಿಸಿದರು.

ಏಕಾದಶಿ ಉಪವಾಸ ಮಾಡಿದವರ ದ್ವಾದಶಿ ಪಾರಣೆಯ ಎಲೆ ನೆನಪಿಸಿಕೊಳ್ಳಿ: ಅಗಸೆ ಸೊಪ್ಪಿನ ಪಲ್ಯ, ಪಕ್ಕದಲ್ಲಿ ನೆಲ್ಲಿಕಾಯಿ ತಂಬುಳಿಯೋ ಚಟ್ನಿಯೋ. ಸೊಪ್ಪಿನ ಕಬ್ಬಿಣಕ್ಕೆ ನೆಲ್ಲಿಯ ಹುಳಿ. ಅಜ್ಜಿಗೆ ಎಲ್ಲ ಗೊತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಎಲೆಯ ಮೇಲೆ ಅವೆರಡೂ ಅಕ್ಕಪಕ್ಕ ಕೂತಿದ್ದವು.

ಮುದ್ದೆ, ಸೊಪ್ಪಿನ ಸಾರಿನ ಊಟದ ಕೊನೆಗೆ ಮುರಬ್ಬ ತಿಂದರೆ ಸಕ್ಕರೆಯೂ ನಿಧಾನಕ್ಕೆ ಏರುತ್ತದೆ. ಕಾಫಿ, ಚಹಾ ಒಂದು ಗಂಟೆ ತಡವಾಗಿ.

10. ಖಾಲಿ ಹೊಟ್ಟೆಯ ಸಲಹೆಗೆ ಕಿವಿಗೊಡಬೇಡಿ

ವಾಟ್ಸಾಪಿನಲ್ಲಿ ಬರುವ ಅರ್ಧಕ್ಕರ್ಧ ಆರೋಗ್ಯ ಸಂದೇಶಗಳು “ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ” ಎಂದೇ ಶುರುವಾಗುತ್ತವೆ. ಖಾಲಿ ಹೊಟ್ಟೆಗೆ ಬರಿಯ ಸಕ್ಕರೆ ಬಿದ್ದರೆ ರಕ್ತದ ಸಕ್ಕರೆ ಜಿಗಿಯುತ್ತದೆ. ಹುಳಿ ಬಿದ್ದರೆ ಎಸಿಡಿಟಿಯವರಿಗೆ ಎದೆ ಉರಿ. ಮುರಬ್ಬದಲ್ಲಿ ಎರಡೂ ಇವೆ.

11. ಬೆಲ್ಲ, ಜೇನು, ಕಲ್ಲುಸಕ್ಕರೆ: ಹೆಸರು ಬೇರೆ, ಲೆಕ್ಕ ಒಂದೇ

“ಇದು ಬೆಲ್ಲದ ನೆಲ್ಲಿ, ಎಷ್ಟು ಬೇಕಾದರೂ ತಿನ್ನಬಹುದು” ಎಂದು ಸಾವಯವ ಸಂತೆಯಲ್ಲಿ ಒಬ್ಬರು ಬಹಳ ಪ್ರೀತಿಯಿಂದ ಹೇಳಿದರು. ಬೆಲ್ಲದಲ್ಲಿ ತುಸು ಖನಿಜಾಂಶ ಇದೆ, ಒಳ್ಳೆಯ ವಾಸನೆಯಿದೆ. ಉಳಿದದ್ದು ಸಕ್ಕರೆಯೇ. ಜೇನೂ ಅದೇ ಲೆಕ್ಕಕ್ಕೆ ಬರುತ್ತದೆ. ರುಚಿಗೆ ಬೆಲ್ಲದ್ದನ್ನು ಆರಿಸಿಕೊಳ್ಳಿ, ನಾನೂ ಅದನ್ನೇ ಆರಿಸುತ್ತೇನೆ. ಅಳತೆ ಮಾತ್ರ ಮೊದಲನೇ ಸೂತ್ರದ್ದೇ.

“ಶುಗರ್ ಫ್ರೀ” ಎಂದು ಬರೆದ ಕ್ಯಾಂಡಿಯಲ್ಲಿ ಸಾರ್ಬಿಟಾಲ್, ಮಾಲ್ಟಿಟಾಲ್ ಇದ್ದರೆ ನಾಲ್ಕು ಹೆಚ್ಚು ತಿಂದ ದಿನ ಹೊಟ್ಟೆ ಉಬ್ಬರಿಸಿ ಭೇದಿಯಾದೀತು. ಪ್ರಯಾಣದ ದಿನ ಬೇಡವೇ ಬೇಡ.

12. ಡಬ್ಬಿಯ ಹಿಂಬದಿ ಓದಿ

ಮುಂಬದಿಯಲ್ಲಿ ಹಸಿರೆಲೆ, ಋಷಿ, ಬೆಟ್ಟ ಇರುತ್ತವೆ. ಹಿಂಬದಿಯಲ್ಲಿ ನಿಜ ಇರುತ್ತದೆ. ನೋಡಬೇಕಾದದ್ದು ಮೂರು. ಒಂದು, 100 ಗ್ರಾಂಗೆ “ಆ್ಯಡೆಡ್ ಶುಗರ್” ಎಷ್ಟು. ಕ್ಯಾಂಡಿಯಲ್ಲಿ 70ರ ಸುತ್ತಮುತ್ತ ಕಂಡರೆ ಬೆಚ್ಚಬೇಡಿ, ಅದರ ಜಾತಿಯೇ ಹಾಗೆ. ಎರಡು, ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಯಾವುದು, ನೆಲ್ಲಿಯೋ ಸಕ್ಕರೆಯೋ. ಹೆಚ್ಚು ಇರುವುದನ್ನೇ ಮೊದಲು ಬರೆಯಬೇಕೆಂಬುದು ನಿಯಮ. ಮೂರು, ಐಎನ್‌ಎಸ್ 220, 224 ಎಂಬ ಸಂಖ್ಯೆಗಳು. ಅವು ಗಂಧಕದ ಸಂರಕ್ಷಕಗಳು, ಕೆಲವು ಅಸ್ತಮಾ ರೋಗಿಗಳಿಗೆ ಉಬ್ಬಸ ತರುತ್ತವೆ. ಗಿಳಿಹಸಿರು ಬಣ್ಣದ ಮುರಬ್ಬ ಕಂಡರೆ ಅಂಗಡಿಯಲ್ಲೇ ಬಿಡಿ. ಬೆಂದ ನೆಲ್ಲಿ ಆ ಬಣ್ಣದಲ್ಲಿ ಇರುವುದಿಲ್ಲ.

ಚ್ಯವನಪ್ರಾಶಕ್ಕೂ ಇದೇ ಓದು. ಚರಕ ಸಂಹಿತೆಯಲ್ಲಿ ಬರುವ ಹಳೆಯ ಯೋಗ ಅದು, ನೆಲ್ಲಿಯೇ ಅದರ ಮೂಲ. ಆದರೆ ಇಂದಿನ ಬಹಳಷ್ಟು ಡಬ್ಬಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆ.

13. ಮಕ್ಕಳಿಗೆ ಅರ್ಧ

ಎರಡು ವರ್ಷದೊಳಗಿನ ಮಕ್ಕಳಿಗೆ ಸಕ್ಕರೆ ಹಾಕಿದ್ದು ಬೇಡ, ಮುರಬ್ಬವೂ ಬೇಡ. ಒಂದು ವರ್ಷದೊಳಗಿನ ಕೂಸಿಗೆ ಜೇನುನೆಲ್ಲಿಯ ಜೇನನ್ನು ನೆಕ್ಕಿಸಲೂಬಾರದು. ಜೇನಿನಲ್ಲಿ ಇರಬಹುದಾದ ಬಾಟ್ಯುಲಿಸಂ ಬೀಜಾಣುವನ್ನು ತಡೆಯುವ ಶಕ್ತಿ ಆ ಕರುಳಿಗೆ ಇರುವುದಿಲ್ಲ. ನಾಲ್ಕು ವರ್ಷದ ತನಕ ಬೀಜವಿರುವ ಕಾಯಿಯನ್ನೂ ಗಟ್ಟಿ ಕ್ಯಾಂಡಿಯನ್ನೂ ಕೈಗೆ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬೀಜ ತೆಗೆದು, ಸಣ್ಣಗೆ ಹೆಚ್ಚಿ, ಕೂರಿಸಿ ತಿನ್ನಿಸಿ. ಶಾಲೆಗೆ ಹೋಗುವ ಮಕ್ಕಳಿಗೆ ಅರ್ಧ ಮುರಬ್ಬ ಸಾಕು.

ಅರ್ಧವೆಂದರೆ ಕಡಿಮೆಯಾಯಿತು ಎನಿಸಿದರೆ ಅಶೋಕಾವದಾನದ ಕತೆ ಹೇಳಿ. ಕೊನೆಗಾಲದಲ್ಲಿ ಎಲ್ಲವನ್ನೂ ಕಳೆದುಕೊಂಡ ಅಶೋಕ ಚಕ್ರವರ್ತಿಯ ಕೈಯಲ್ಲಿ ಉಳಿದದ್ದು ಅರ್ಧ ನೆಲ್ಲಿಕಾಯಿ. ಅದನ್ನೂ ಕುಕ್ಕುಟಾರಾಮದ ಭಿಕ್ಷುಗಳಿಗೆ ಕಳಿಸಿದನಂತೆ, ಅವರು ಸಾರಿಗೆ ಹಾಕಿ ಎಲ್ಲರಿಗೂ ಹಂಚಿದರಂತೆ.

14. ಇವರು ಜಾಡಿ ಮುಟ್ಟುವ ಮೊದಲು ವೈದ್ಯರನ್ನು ಕೇಳಬೇಕು

ಸಕ್ಕರೆ ಕಾಯಿಲೆಯವರಿಗೆ, ಗರ್ಭಿಣಿಯರಲ್ಲಿ ಸಕ್ಕರೆ ಏರಿದವರಿಗೆ ಮುರಬ್ಬ, ಕ್ಯಾಂಡಿ, ಜೇನುನೆಲ್ಲಿ ನಿತ್ಯದ ತಿನಿಸಲ್ಲ. ಅವರಿಗೆ ಹಸಿ ನೆಲ್ಲಿ, ತಂಬುಳಿ, ಉಪ್ಪು ಕಡಿಮೆಯಿರುವ ಚಟ್ನಿ. ನೆಲ್ಲಿಪುಡಿ, ನೆಲ್ಲಿರಸವನ್ನು ಔಷಧಿಯ ಹಾಗೆ ದಿನವೂ ತೆಗೆದುಕೊಂಡರೆ ಸಕ್ಕರೆ ಇಳಿಸುವ ಮಾತ್ರೆಯ ಜೊತೆ ಸೇರಿ ಬೇಕಾದ್ದಕ್ಕಿಂತ ಇಳಿದೀತು. ಒಂದೇ ಕಾಯಿ ಜಾಡಿಯಲ್ಲಿದ್ದರೆ ಏರಿಸುತ್ತದೆ, ಪುಡಿಯಾದರೆ ಇಳಿಸುತ್ತದೆ!

ವಾರ್ಫರಿನ್, ಕ್ಲೊಪಿಡೊಗ್ರೆಲ್, ಆ್ಯಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ನೆಲ್ಲಿರಸ, ಪುಡಿ ಶುರು ಮಾಡುವ ಮೊದಲು ಹೇಳಬೇಕು. ನೆಲ್ಲಿಗೂ ರಕ್ತ ಹೆಪ್ಪುಗಟ್ಟುವುದನ್ನು ತುಸು ತಡೆಯುವ ಗುಣವಿದೆ. ಶಸ್ತ್ರಚಿಕಿತ್ಸೆಗೆ ಎರಡು ವಾರ ಮೊದಲು ಅಂಥವನ್ನು ನಿಲ್ಲಿಸಿ ಎಂಬುದು ಸಾಮಾನ್ಯ ಸಲಹೆ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಬಂದವರು ವಿಟಮಿನ್ ಸಿ ಮಾತ್ರೆಯ ಮೇಲೆ ನೆಲ್ಲಿರಸ, ಅದರ ಮೇಲೆ ಚ್ಯವನಪ್ರಾಶ ಎಂದು ಪೇರಿಸಬಾರದು, ಹೆಚ್ಚಾದ ವಿಟಮಿನ್ ಸಿ ದೇಹದಲ್ಲಿ ಆಕ್ಸಲೇಟ್ ಆಗುತ್ತದೆ. ಥಲಸೇಮಿಯಾದಂತೆ ದೇಹದಲ್ಲಿ ಕಬ್ಬಿಣ ಶೇಖರವಾಗುವ ಕಾಯಿಲೆಯವರೂ ಕೇಳಿಯೇ ತಿನ್ನಬೇಕು.

15. ಹಲ್ಲು ಮರೆಯಬೇಡಿ

ಕ್ಯಾಂಡಿ ಹುಳಿಯೂ ಹೌದು, ಸಿಹಿಯೂ ಹೌದು, ಅಂಟೂ ಹೌದು. ಹಲ್ಲಿಗೆ ಇದಕ್ಕಿಂತ ಕೆಟ್ಟ ಸಹವಾಸ ಇಲ್ಲ. ಬಾಯಲ್ಲಿಟ್ಟುಕೊಂಡು ಗಂಟೆಗಟ್ಟಲೆ ಚೀಪಬೇಡಿ. ತಿಂದು ಬಾಯಿ ಮುಕ್ಕಳಿಸಿ. ಬ್ರಷ್ ಮಾಡುವುದಿದ್ದರೆ ಅರ್ಧ ಗಂಟೆ ತಡೆಯಿರಿ, ಹುಳಿಗೆ ಮೆದುವಾದ ಹಲ್ಲಿನ ಮೇಲ್ಪದರ ತಿಕ್ಕಿದರೆ ಸವೆಯುತ್ತದೆ. ರಾತ್ರಿ ಹಾಸಿಗೆಯಲ್ಲಿ ಕೂತು ತಿನ್ನುವ ಚಾಳಿ ಇದ್ದರೆ ಇವತ್ತೇ ಬಿಡಿ.

16. ಉಪ್ಪಿನ ನೆಲ್ಲಿಗೂ ಲೆಕ್ಕವಿದೆ

ಸಿಹಿ ಬಿಟ್ಟವರು ನೇರ ಹೋಗಿ ಕೂರುವುದು ನೆಲ್ಲಿ ಅಡಿಕೆ, ಉಪ್ಪುನೆಲ್ಲಿಯ ಮುಂದೆ. ಬೆಟ್ಟದ ನೆಲ್ಲಿಗೂ ಸಮುದ್ರದ ಉಪ್ಪಿಗೂ ಎಲ್ಲಿಂದೆಲ್ಲಿಯ ಸಂಬಂಧವೆಂದು ಅಲ್ಲಮಪ್ರಭು ಬೆರಗುಪಟ್ಟಿದ್ದು ಸರಿ. ಬಿ.ಪಿ. ಮಾತ್ರೆಗೂ ಆ ಎರಡಕ್ಕೂ ಇರುವ ಸಂಬಂಧ ಈಗಿನದು. ದಿನವಿಡೀ ಎಲ್ಲ ಸೇರಿ ಉಪ್ಪು 5 ಗ್ರಾಂ, ಒಂದು ಚಮಚ, ದಾಟಬಾರದು. ಊಟದ ಮೇಲೆ ಒಂದೆರಡು ಚೂರು ಸಾಕು.

ಸಿಹಿಯ ಚಪಲಕ್ಕೆ ಸೊನ್ನೆ ಸಕ್ಕರೆಯ ಉಪಾಯವೊಂದು ಶಾಲೆಯ ದಿನಗಳಿಂದ ನಮಗೆಲ್ಲ ಗೊತ್ತೇ ಇದೆ. ಹಸಿ ನೆಲ್ಲಿಕಾಯಿ ಕಚ್ಚಿ, ಮುಖ ಕಿವುಚಿ ಅಗಿದು, ಒಂದು ಲೋಟ ನೀರು ಕುಡಿಯಿರಿ. ಆ ನೀರು ಸಿಹಿ. ಶಾಲೆಯ ಗೇಟಿನ ಹೊರಗೆ ನೆಲ್ಲಿಕಾಯಿ ಗುಡ್ಡೆ ಹಾಕಿ ಮಾರುತ್ತಿದ್ದ ಅಜ್ಜಿಯ ಋತುವಿನಲ್ಲಿ ನಮ್ಮ ಶಾಲೆಯ ನಲ್ಲಿಗೆ ಪುರುಸೊತ್ತೇ ಇರುತ್ತಿರಲಿಲ್ಲ.

17. ಜಾಡಿಯನ್ನು ಕಾಯಿರಿ, ತಾರೀಕು ಬರೆಯಿರಿ

ಗಾಜಿನ ಜಾಡಿ ಅಥವಾ ಪಿಂಗಾಣಿ ಭರಣಿ. ಹಿತ್ತಾಳೆ, ತಾಮ್ರ, ಅಲ್ಯುಮಿನಿಯಂ ಬೇಡ, ಹುಳಿಗೆ ಲೋಹ ಬಿಡುತ್ತದೆ. ಕಬ್ಬಿಣದ ಚಾಕು ತಾಗಿದರೆ ನೆಲ್ಲಿ ಕಪ್ಪಾಗುತ್ತದೆ, ಒಗರಿನ ಅಂಶ ಕಬ್ಬಿಣದ ಜೊತೆ ಸೇರಿ ಶಾಯಿಯಾಗುವುದು ಅದು. ಒದ್ದೆ ಚಮಚ ಹಾಕಿದರೆ ಮೇಲ್ಭಾಗದ ಪಾಕ ತೆಳುವಾಗಿ, ಐದನೇ ಸೂತ್ರದ ಕಾವಲುಗಾರ ಅಲ್ಲಿ ನಿದ್ದೆ ಹೋಗುತ್ತಾನೆ. ನೊರೆ ಎದ್ದರೆ, ಹುಳಿಹೆಂಡದ ವಾಸನೆ ಬಂದರೆ, ಬೂಷ್ಟಿನ ಒಂದು ಚುಕ್ಕೆ ಕಂಡರೂ ಇಡೀ ಜಾಡಿ ಚೆಲ್ಲಿ. ಮೇಲಿನದಷ್ಟೇ ತೆಗೆದು ಒಳಗಿನದನ್ನು ತಿನ್ನುವ ಜಿಪುಣತನ ಬೇಡ.

ಅತ್ತೆ ಕಳಿಸಿದ ಈ ವರ್ಷದ ಜಾಡಿಗೆ ಬಿಳಿ ಪಟ್ಟಿ ಅಂಟಿಸಿ ಕಾಯಿಯ ಲೆಕ್ಕ ಬರೆದಿದ್ದೇನೆ. ಬಂದಾಗ 42 ಇದ್ದವು. ನನ್ನ ಪಾಲು ಈಗ ವಾರಕ್ಕೆ ಮೂರು, ಮಧ್ಯಾಹ್ನದ ಊಟದ ಕೊನೆಗೆ, ಪಾಕ ಸೋರಿಸಿ. ಮನೆಯವಳು ಎರಡು, ಮಗಳಿಗೆ ಬೇಡವಂತೆ. ನಿನ್ನೆ ರಾತ್ರಿ ಎಣಿಸಿದೆ, 11 ಉಳಿದಿವೆ. ಪಟ್ಟಿಯ ಪ್ರಕಾರ 12 ಇರಬೇಕಿತ್ತು.